ದಿಬ್ಬವೆಲ್ಲ ಗೋರಿಯಲ್ಲ

ನೆಲವನ್ನು ಓದುವ ವಿದ್ಯೆಯೊಂದುಂಟು. ಒಕ್ಕಲಿಗನು ಅದನ್ನು ಬಲ್ಲ; ಬಾವಿ ತೋಡುವವನು ಬಲ್ಲ; ಕುರಿ ಕಾಯುವ ಹುಡುಗನೂ ಬಲ್ಲ. ಪುಸ್ತಕ ಓದಿ ಬೆಳೆದ ನಮ್ಮಂಥವರಿಗೆ ಮಾತ್ರ ಆ ಅಕ್ಷರಮಾಲೆ ಅಪರಿಚಿತವಾದುದು. ನಡೆಯುವ ದಾರಿಯಲ್ಲಿ ನೆಲ ಒಂದೆಡೆ ಉಬ್ಬಿದ್ದರೆ, ಇನ್ನೊಂದೆಡೆ ತಗ್ಗಿದ್ದರೆ, ಅದಕ್ಕೆ ಕಾರಣವೇನೆಂದು ಕೇಳುವ ಅಭ್ಯಾಸ ನಮಗಿಲ್ಲ. ಕೇಳತೊಡಗಿದೆವೋ, ಮತ್ತೊಂದು ಅಪಾಯ ಬಂದೊದಗುತ್ತದೆ: ಕಂಡ ಉಬ್ಬೆಲ್ಲವೂ ಯಾವನೋ ಪುರಾತನ ನಾಯಕನ ಸಮಾಧಿಯಾಗಿ ತೋರತೊಡಗುತ್ತದೆ. ಏನನ್ನೂ ಕೇಳದಿರುವ ಆಲಸ್ಯಕ್ಕೂ, ಕೇಳಿದ ಕ್ಷಣದಲ್ಲೇ ಉತ್ತರ ಹೇಳಿಕೊಳ್ಳುವ ಆತುರಕ್ಕೂ ನಡುವೆ ಒಂದು ಕಾಲುದಾರಿಯಿದೆ. ಈ ಬರಹ ಆ ದಾರಿಯನ್ನು ಕುರಿತದ್ದು.

ನಾನು ವಾಸಿಸುವುದು ಬೆಂಗಳೂರಿನ ದಕ್ಷಿಣದಲ್ಲಿ, ಜಯನಗರದ ಅಂಚಿನಲ್ಲಿ. 1948ರಲ್ಲಿ ಈ ಬಡಾವಣೆಗೆ ಅಸ್ತಿಭಾರ ಬಿದ್ದಾಗ ಇಲ್ಲಿದ್ದುದು ಹೊಲ, ತೋಪು, ಕೆರೆಯಂಗಳ, ಬಂಡೆ. ಅನಂತರ ಬನಶಂಕರಿ ಬಂತು, ಜೆ.ಪಿ. ನಗರ ಬಂತು, ಬಿ.ಟಿ.ಎಂ. ಬಡಾವಣೆ ಬಂತು, 2021ರಲ್ಲಿ ಮೆಟ್ರೊ ರೈಲು ಯಲಚೇನಹಳ್ಳಿಯನ್ನು ದಾಟಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ ಓಡತೊಡಗಿತು. ಪ್ರತಿಯೊಂದು ಬಡಾವಣೆಯೂ ಹುಟ್ಟುವ ಮುನ್ನ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಅದು ನೆಲವನ್ನು ಮಟ್ಟಮಾಡುವ ಕೆಲಸ. ಉಬ್ಬನ್ನು ಕಡಿದು ತಗ್ಗಿಗೆ ತುಂಬಿದ ಮೇಲೆ ಎಲ್ಲ ನಿವೇಶನವೂ ಒಂದೇ ಸಮ. ಮನೆ ಕಟ್ಟುವವನಿಗೆ ಅದು ಅನುಕೂಲವೇ ಸರಿ. ಆದರೆ ಆ ಉಬ್ಬು ಯಾರದಾಗಿತ್ತು, ಏತಕ್ಕಾಗಿ ಎದ್ದಿತ್ತು ಎಂದು ಕೇಳಲು ಮರುದಿನ ಅದು ಅಲ್ಲಿರುವುದಿಲ್ಲ.

ಹಿಂದಿನವರು ಕೇಳುತ್ತಿದ್ದರು. ಜಯನಗರದ ಒಂಬತ್ತನೆಯ ಬ್ಲಾಕಿನ ರಾಗಿಗುಡ್ಡವೇ ಅದಕ್ಕೆ ಸಾಕ್ಷಿ. ಒಕ್ಕಣೆಯಾದ ರಾಗಿಯ ರಾಶಿಯಿಂದ, ಬೇಡಬಂದವರಿಗೆ ಸೊಸೆ ಒಂದಿಷ್ಟು ಕೊಡಹೋದಳಂತೆ, ಅತ್ತೆ ತಡೆದಳಂತೆ, ರಾಶಿಯೆಲ್ಲ ಕಲ್ಲಾಗಿ ಹೋಯಿತಂತೆ. 1969ರಲ್ಲಿ ಆ ಗುಡ್ಡದ ಮೇಲೆ ಪ್ರಸನ್ನ ಆಂಜನೇಯನ ಪ್ರತಿಷ್ಠೆಯಾಯಿತು. ಭೂವಿಜ್ಞಾನಿಯನ್ನು ಕೇಳಿದರೆ ಆತ ಬೇರೆ ಕಥೆ ಹೇಳುತ್ತಾನೆ: ಇದು ಲಾಲ್‌ಬಾಗಿನ ಬಂಡೆಯ ಬಂಧು, ಸುಮಾರು 300 ಕೋಟಿ ವರ್ಷಗಳ ಹಿಂದಿನ ಶಿಲೆ, ಮಳೆಬಿಸಿಲಿಗೆ ಸುತ್ತಲಿನದು ಸವೆದು ಹೋಗಿ ಗಟ್ಟಿಯಾದದ್ದು ಉಳಿದಿದೆ. ಎರಡು ಉತ್ತರಗಳಲ್ಲಿ ಯಾವುದು ದಿಟವೆಂಬ ಚರ್ಚೆ ಇಲ್ಲಿ ಬೇಡ. ಬಯಲಿನ ನಡುವೆ ಈ ಗುಪ್ಪೆ ಏಕೆ ನಿಂತಿತು ಎಂಬ ಪ್ರಶ್ನೆಯನ್ನು ಹಳ್ಳಿಯ ಜನ ಸುಮ್ಮನೆ ಬಿಡಲಿಲ್ಲವೆಂಬುದು ಮುಖ್ಯ.

ಹಾಗೆ ಬಿಡದೆ ಕೇಳಿದ್ದರಿಂದಲೇ ನಮ್ಮ ನಾಡಿನ ಪುರಾತನ ಸಮಾಧಿಗಳಿಗೆ ಚೆಂದದ ಹೆಸರುಗಳು ಬಂದಿವೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಚಪ್ಪಡಿಕಲ್ಲುಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ನೂರಾರು ಕಲ್ಮನೆಗಳಿವೆ. ಜನ ಅದನ್ನು ಮೋರೇರ ಬೆಟ್ಟವೆಂದು ಕರೆಯುತ್ತಾರೆ. ಮೋರೇರೆಂದರೆ ಹಿಂದಿನ ಯುಗದ ಕುಳ್ಳರಂತೆ. ಅಷ್ಟು ಪುಟ್ಟ ಮನೆಗಳಲ್ಲಿ ಇರಬೇಕಾದರೆ ಕುಳ್ಳರೇ ಆಗಿರಬೇಕಲ್ಲವೆ! ಬೇರೆ ಕಡೆ ಇಂಥವು ಪಾಂಡವರ ಗುಡಿಗಳು, ವನವಾಸದಲ್ಲಿ ಅವರು ತಂಗಿದ ತಾಣಗಳು. ತಮಿಳು ನಾಡಿನಲ್ಲಿ ಪಾಂಡುಕುಳಿ. ಹಿರೇಬೆಣಕಲ್ಲನ್ನು 2021ರಲ್ಲಿ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿಗೆ ಸೇರಿಸಿದರು. ಮೋರೇರ ಕೀರ್ತಿ ಕೊನೆಗೂ ಹೊರನಾಡಿನವರೆಗೆ ಮುಟ್ಟಿತು.

ಈ ಸಮಾಧಿಗಳನ್ನು ಕಟ್ಟಿದವರು ನಮ್ಮಲ್ಲಿ ಕಬ್ಬಿಣವನ್ನು ಬಳಕೆಗೆ ತಂದ ಕಾಲದ ಜನ. ಅವರ ಗೋರಿಗಳ ಬಗೆ ಹಲವು. ಗುಂಡುಗಳನ್ನು ಬಳೆಯಂತೆ ಜೋಡಿಸಿದ ಶಿಲಾವೃತ್ತಗಳುಂಟು. ಸಣ್ಣ ಕಲ್ಲುಗಳನ್ನು ಗುಡ್ಡೆಹಾಕಿದ ಕಲ್ಗುಪ್ಪೆಗಳುಂಟು. ನೆಲದೊಳಗೆ ಚಪ್ಪಡಿಗಳಿಂದ ಪೆಟ್ಟಿಗೆಯಂತೆ ಕಟ್ಟಿದ ಕಲ್ಗೋರಿಗಳುಂಟು. ಒಂಟಿಯಾಗಿ ನೆಟ್ಟ ನಿಲಸುಗಲ್ಲುಗಳುಂಟು. ಬಹುಪಾಲು ಕಡೆ ಹೆಣವನ್ನು ನೇರವಾಗಿ ಹೂಳುತ್ತಿರಲಿಲ್ಲ. ಬೇರೆಡೆ ಇರಿಸಿ, ಮಾಂಸವೆಲ್ಲ ಹೋದ ಮೇಲೆ ಮೂಳೆಗಳನ್ನು ಆಯ್ದು ತಂದು ಮಡಕೆ, ಮಣಿ, ಕಬ್ಬಿಣದ ಆಯುಧಗಳೊಡನೆ ಒಳಗಿಡುತ್ತಿದ್ದರು. ಒಂದೇ ಗೋರಿಯಲ್ಲಿ ಹಲವರ ಮೂಳೆಗಳು ದೊರೆಯುವುದುಂಟು.

1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇಂಥ ಗೋರಿಗಳನ್ನು ಕ್ರಮವಾಗಿ ಅಗೆಸಿದರು. ಅಲ್ಲಿನ ಕಲ್ಗೋರಿಯ ರಚನೆ ನೋಡತಕ್ಕದ್ದು. ನಾಲ್ಕು ಪಕ್ಕದ ಚಪ್ಪಡಿಗಳನ್ನು ಮೂಲೆಗೆ ಮೂಲೆ ಹೊಂದಿಸಿ ನಿಲ್ಲಿಸಿಲ್ಲ. ಒಂದೊಂದು ಚಪ್ಪಡಿಯೂ ಪಕ್ಕದ್ದನ್ನು ದಾಟಿ ಸ್ವಲ್ಪ ಮುಂದೆ ಚಾಚಿದೆ. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನ ಮಣ್ಣು ಒತ್ತಿದಷ್ಟೂ ಒಂದು ಕಲ್ಲು ಇನ್ನೊಂದಕ್ಕೆ ಆನಿಕೊಂಡು ಬಿಗಿಯಾಗುತ್ತದೆ. ಗಾರೆಯಿಲ್ಲ, ಮೊಳೆಯಿಲ್ಲ, ಎರಡು ಸಾವಿರ ವರ್ಷ ಕಳೆದರೂ ಪೆಟ್ಟಿಗೆ ಕುಸಿದಿಲ್ಲ. ಪೂರ್ವದ ಚಪ್ಪಡಿಯಲ್ಲಿ ಒಂದು ದುಂಡು ಕಿಂಡಿ. ವ್ಹೀಲರ್ ಈ ಗೋರಿಗಳ ಆರಂಭವನ್ನು ಕ್ರಿ.ಪೂ. 200ರ ಸುಮಾರಿಗೆ ಇಟ್ಟರು. ಮುಂದೆ 1965ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಹಳ್ಳೂರಿನಲ್ಲಿ ಅಗೆಸಿದಾಗ ದೊರೆತ ಇದ್ದಿಲನ್ನು ಇಂಗಾಲದ ಪರೀಕ್ಷೆಗೆ ಒಡ್ಡಲು, ಕಬ್ಬಿಣದ ಕಾಲ ಕ್ರಿ.ಪೂ. 1000ದವರೆಗೆ ಹಿಂದೆ ಸರಿಯಿತು. ಒಂದು ಹಿಡಿ ಇದ್ದಿಲು ಎಂಟುನೂರು ವರ್ಷದ ಲೆಕ್ಕವನ್ನು ತಿದ್ದಿತು. ಕದಲಿಸದೆ ಉಳಿದ ಮಣ್ಣಿನ ಬೆಲೆಯೇನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇವೆಲ್ಲ ದೂರದ ಊರುಗಳ ಮಾತೆಂದು ಬೆಂಗಳೂರಿನವರು ಭಾವಿಸಬಾರದು. ನಗರದ ಪಶ್ಚಿಮಕ್ಕೆ ಸಾವನದುರ್ಗದ ತಪ್ಪಲಿನ ಕಲ್ಗೋರಿಗಳನ್ನು ಕುರಿತು ಬ್ರಾನ್‌ಫಿಲ್ ಎಂಬ ಅಧಿಕಾರಿ 1881ರಲ್ಲೇ ಲೇಖನ ಬರೆದಿದ್ದರು. ಪೂರ್ವಕ್ಕೆ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ ಡಾ. ಎಂ. ಶೇಷಾದ್ರಿಯವರು 1957ರಲ್ಲಿ ಗೋರಿಗಳನ್ನು ಅಗೆಸಿದರು. ಉತ್ತರಕ್ಕೆ ಬಳ್ಳಾರಿ ರಸ್ತೆಯ ಚಿಕ್ಕಜಾಲವೂ ಇಂಥ ನೆಲೆಯೇ. ಮೂರು ದಿಕ್ಕಿನಲ್ಲಿ ಬಾಳಿದ ಜನ ನಾಲ್ಕನೆಯ ದಿಕ್ಕಿಗೆ ಮಾತ್ರ ಕಾಲಿಡಲಿಲ್ಲವೆ? ದಕ್ಷಿಣದಲ್ಲಿ ನೀರಿಗೆ ಬರವಿರಲಿಲ್ಲ; ಬನ್ನೇರುಘಟ್ಟದ ಕಡೆಗೆ ಏರುವ ಬಂಡೆಯ ನೆಲವೂ ಗೋರಿಗೆ ಒಪ್ಪುವಂಥದ್ದೇ. ಬೆಂಗಳೂರೆಂಬ ಹೆಸರು ಮೊದಲು ಕಾಣುವ ಬೇಗೂರಿನ ವೀರಗಲ್ಲು ಕ್ರಿ.ಶ. 890ರ ಸುಮಾರಿನದು. ಅದಕ್ಕೆ ಹಿಂದಿನ ಸಾವಿರಾರು ವರ್ಷಗಳ ಬಾಳುವೆಗೆ ಇಲ್ಲಿ ಬರಹದ ಆಧಾರ ವಿರಳ. ನೆಲವೇ ದಸ್ತಾವೇಜು.

ಆ ದಸ್ತಾವೇಜನ್ನು ಓದುವುದು ಹೇಗೆ? ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಕೆಲವು ಗುರುತುಗಳನ್ನು ಹೇಳುತ್ತೇನೆ.

ಮೊದಲನೆಯದು ಸ್ಥಳ. ಗೋರಿ ಕಟ್ಟಿದವರು ಉಳುವ ನೆಲವನ್ನು ವ್ಯರ್ಥ ಮಾಡುತ್ತಿರಲಿಲ್ಲ. ಗುಡ್ಡದ ಬುಡ, ಬಂಡೆಯ ಸೆರಗು, ಕೆರೆಗೆ ಇಳಿಯುವ ಕಲ್ಲುಭೂಮಿ ಇವು ಅವರಿಗೆ ಪ್ರಿಯ. ಎರಡನೆಯದು ಕಲ್ಲಿನ ನಿಲುವು. ವೃತ್ತದ ಗುಂಡುಗಳು ನೆಲದ ಮೇಲೆ ಬಿದ್ದಿರುವುದಿಲ್ಲ, ನೆಲದಲ್ಲಿ ಕೂತಿರುತ್ತವೆ. ಅರ್ಧ ಒಳಗೆ, ಅರ್ಧ ಹೊರಗೆ. ಉರುಳಿ ಬಂದ ಬಂಡೆಗಳು ಹೀಗೆ ಸರಿದೂರದಲ್ಲಿ ದುಂಡಾಗಿ ಕೂರಲಾರವು. ಮೂರನೆಯದು ನಡುಭಾಗ. ವೃತ್ತದ ನಡುವೆ ಚಪ್ಪಡಿಯ ಅಂಚು ಇಣುಕುತ್ತಿದ್ದರೆ ಆಸೆ ಹೆಚ್ಚುತ್ತದೆ. ನಾಲ್ಕನೆಯದು ಸಂಖ್ಯೆ. ಗೋರಿಗಳು ಸಾಮಾನ್ಯವಾಗಿ ಒಂಟಿಯಾಗಿರವು. ಒಂದಿದ್ದರೆ ನೆರೆಯಲ್ಲಿ ಇನ್ನೂ ನಾಲ್ಕನ್ನು ಹುಡುಕಬೇಕು. ಐದನೆಯದು ಬೋಕಿ. ಒಳಗೆ ಕಪ್ಪು, ಹೊರಗೆ ಕೆಂಪು, ನುಣುಪಾದ ಮೈ. ಇದು ಆ ಕಾಲದ ಮಡಕೆಯ ಲಕ್ಷಣ. ಮಡಕೆಯನ್ನು ಬೋರಲಾಗಿ ಹೊಟ್ಟುಬೂದಿಯಲ್ಲಿ ಹೂತು ಸುಟ್ಟರೆ, ಗಾಳಿ ತಗಲದ ಒಳಮೈಯೂ ಕಂಠವೂ ಕಪ್ಪಾಗಿ, ಗಾಳಿ ತಗಲಿದ ಹೊರಮೈ ಕೆಂಪಾಗುತ್ತದೆ.

ನೋಡುವ ವೇಳೆಯೂ ಮುಖ್ಯ. ನಡುಹಗಲಿನಲ್ಲಿ ನೆಲವೆಲ್ಲ ಚಪ್ಪಟೆ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಅರ್ಧ ಮೊಳದ ಉಬ್ಬಿಗೂ ನೆರಳುಂಟು. ಇಂಗ್ಲೆಂಡಿನಲ್ಲಿ ಕ್ರಾಫರ್ಡ್ ಎಂಬ ವಿದ್ವಾಂಸರು ವಿಮಾನದಿಂದ ತೆಗೆದ ಚಿತ್ರಗಳಲ್ಲಿ, ಉತ್ತು ಅಳಿಸಿಹೋದ ದಿಬ್ಬಗಳನ್ನೂ ಪೈರಿನ ಬಣ್ಣದಿಂದಲೇ ಗುರುತಿಸಿ 1928ರಲ್ಲಿ ಪುಸ್ತಕ ಪ್ರಕಟಿಸಿದರು. ಹೂತುಹೋದ ಹಳ್ಳದ ಮೇಲೆ ಪೈರು ಸೊಂಪಾಗಿಯೂ, ಹೂತುಹೋದ ಕಲ್ಲಿನ ಮೇಲೆ ಸೊರಗಿಯೂ ಬೆಳೆಯುತ್ತದೆಂಬುದು ಅದರ ಮರ್ಮ. ನಮ್ಮ ರೈತನಿಗೆ ಈ ಸಂಗತಿ ವಿಮಾನವಿಲ್ಲದೆಯೇ ಗೊತ್ತು.

ಇನ್ನು ವೇಷಧಾರಿಗಳ ವಿಚಾರ. ಹುತ್ತ ಕರಗಿ ದಿಬ್ಬವಾಗುತ್ತದೆ. ಹಳೆಯ ಇಟ್ಟಿಗೆಯ ಗೂಡು ಕುಸಿದು ದಿಬ್ಬವಾಗುತ್ತದೆ. ಅದರಲ್ಲಿ ಕರಗಿ ಅಂಟಿದ ಇಟ್ಟಿಗೆಯ ಚೂರು ಸಿಕ್ಕುತ್ತದೆ. ಕೆರೆಯ ಹೂಳೆತ್ತಿ ಸುರಿದದ್ದು ದಿಬ್ಬ. ಪಾಳುಬಿದ್ದ ಊರು ದಿಬ್ಬ. ಕಲ್ಲುಗಣಿಯ ಪುಡಿಕಲ್ಲು ದಿಬ್ಬ. ಈಗಿನ ಕಾಲದಲ್ಲಿ ಒಡೆದ ಮನೆಗಳ ಅವಶೇಷವೂ ದಿಬ್ಬ. ಹಂಪೆಯ ಬಳಿಯ ನಿಂಬಾಪುರದಲ್ಲಿ ಒಂದು ಬೂದಿಯ ದಿಬ್ಬವಿದೆ; ವಾಲಿಯನ್ನು ದಹಿಸಿದ ಸ್ಥಳವೆಂದು ಜನ ನಂಬುತ್ತಾರೆ. ಇಂಥ ಬೂದಿದಿಬ್ಬಗಳು ಬಳ್ಳಾರಿ, ರಾಯಚೂರಿನ ಸೀಮೆಯಲ್ಲಿ ಅನೇಕ. 1957ರಲ್ಲಿ ಆಲ್ಚಿನ್ ಅವರು ಉಟ್ನೂರಿನಲ್ಲಿ ಅಗೆಸಿ ನೋಡಿದಾಗ, ಅದು ನವಶಿಲಾಯುಗದ ದನಗಾರರ ದೊಡ್ಡಿ. ಗೋಮಯವನ್ನು ಮತ್ತೆ ಮತ್ತೆ ಸುಟ್ಟು ಆದ ಬೂದಿ ಎಂದು ತಿಳಿಯಿತು. ಸ್ಮಶಾನವೆಂದುಕೊಂಡದ್ದು ಕೊಟ್ಟಿಗೆಯಾಯಿತು. ಅದರಿಂದ ಆ ಸ್ಥಳದ ಮಹತ್ವ ಹೆಚ್ಚಿತೇ ಹೊರತು ಕಡಮೆಯಾಗಲಿಲ್ಲ.

ಈ ಪೀಠಿಕೆಯ ಉದ್ದೇಶ ಒಂದು ಪ್ರಸಂಗವನ್ನು ಹೇಳುವುದು. ಕಳೆದ ಬೇಸಗೆಯಲ್ಲಿ ನಮ್ಮ ಬೀದಿಯ ಒಬ್ಬ ತರುಣ ಅಧ್ಯಾಪಕರು ತಮ್ಮ ನಾಲ್ವರು ವಿದ್ಯಾರ್ಥಿಗಳೊಡನೆ ನನ್ನಲ್ಲಿಗೆ ಬಂದರು. ಉಪಗ್ರಹದ ಚಿತ್ರದಲ್ಲಿ, ಕನಕಪುರ ರಸ್ತೆಗೆ ಆಚೆ, ಬಡಾವಣೆಯಾಗುತ್ತಿರುವ ಹೊಲವೊಂದರಲ್ಲಿ ಅವರಿಗೆ ದುಂಡನೆಯ ಮಚ್ಚೆಯೊಂದು ಕಂಡಿತ್ತು. ವಿದ್ಯಾರ್ಥಿಗಳು ಪತ್ರಿಕೆಗೆ ಕಳುಹಿಸಲು ಬರಹವನ್ನೂ ಸಿದ್ಧಪಡಿಸಿಬಿಟ್ಟಿದ್ದರು. ಶೀರ್ಷಿಕೆಯಲ್ಲಿ ‘ಮೂರು ಸಾವಿರ ವರ್ಷದ ಸಮಾಧಿ’ ಎಂದಿತ್ತು. ಬಡಾವಣೆಯ ಯಂತ್ರಗಳು ವಾರದೊಳಗೆ ಬರಲಿದ್ದವು. ‘ಸಮಾಧಿ ಎಂದರೆ ನಿಲ್ಲಿಸುತ್ತಾರೆ, ಸಾರ್. ಇರಬಹುದು ಎಂದರೆ ಯಾರು ನಿಲ್ಲಿಸುತ್ತಾರೆ?’ ಎಂದು ಒಬ್ಬ ಹುಡುಗಿ ಕೇಳಿದಳು. ಆ ಪ್ರಶ್ನೆ ನ್ಯಾಯವಾದದ್ದೆಂದು ನನಗೂ ತೋರಿತು. ಮೊದಲು ಹೋಗಿ ನೋಡೋಣವೆಂದೆ.

ಮರುದಿನ ಬೆಳಗ್ಗೆ ಹೊತ್ತಿಗೆ ಮುಂಚೆ ಹೋದೆವು. ಆಳೆತ್ತರದ ಕಲ್ಲುಗುಪ್ಪೆ, ಲಂಟಾನದ ಪೊದೆ ಹಬ್ಬಿತ್ತು. ಹಗ್ಗ ಹಿಡಿದು ಅಳೆದೆವು, ಸುತ್ತ ನಡೆದೆವು. ಬುಡದಲ್ಲಿ ಹೂತ ಗುಂಡುಗಳ ಸಾಲಿಲ್ಲ. ಕಲ್ಲುಗಳೆಲ್ಲ ಒಬ್ಬರು ಎತ್ತಬಹುದಾದ ತೂಕದವು. ಗುಪ್ಪೆಯಿದ್ದುದು ಹೊಲದ ಮೂಲೆಯಲ್ಲಿ, ಎರಡು ಬದುಗಳು ಕೂಡುವಲ್ಲಿ. ಕಲ್ಲಿನ ಸಂದಿಯಲ್ಲಿ ಮಂಗಳೂರು ಹೆಂಚಿನ ಚೂರು, ಪಿಂಗಾಣಿ ಬಟ್ಟಲಿನ ಒಂದು ತುಂಡು. ಹುಡುಗರ ಮುಖ ಸಪ್ಪಗಾಗುತ್ತಿರುವಾಗ ಹೊಲದ ಯಜಮಾನನ ತಾಯಿ, ಎಂಬತ್ತು ದಾಟಿದ ಮುದುಕಿ, ಕೋಲೂರಿಕೊಂಡು ಬಂದರು. ‘ಏನ್ ನೋಡ್ತಿದ್ದೀರಿ ಸ್ವಾಮಿ?’ ಎಂದರು. ಇದು ಹಳೆಯ ಕಾಲದ ಗೋರಿಯೇ ಎಂದು ನೋಡುತ್ತಿದ್ದೇವೆ, ತಾಯಿ, ಎಂದೆ.

‘ಗೋರಿ ಎಲ್ಲಿ ಬಂತು? ನಮ್ಮ ಮಾವ್ನೋರು ಹೊಲ ಮಾಡುವಾಗ ಆಯ್ದು ಹಾಕಿದ ಕಲ್ಲು ಅದು. ನಾನು ಮದ್ವೆಯಾಗಿ ಬಂದ್ಮೇಲೆ ನಾನೂವೆ ಮಂಕರೀಲಿ ಹೊತ್ತು ಹಾಕಿವ್ನಿ. ಪ್ರತಿ ಸಲ ಉತ್ತಾಗ್ಲೂ ಕಲ್ಲು ಏಳೋದು. ಪ್ರತಿ ಸಲಾನೂ ಹೊರೋದು.’

ಅವರು ಗುಪ್ಪೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೋಲಿನಿಂದ ಇನ್ನೊಂದು ಕಡೆ ತೋರಿಸಿದರು. ಅಲ್ಲಿ ಬಡಾವಣೆಯ ಹೊಸ ರಸ್ತೆ ಬಂಡೆಯ ಪಕ್ಕದಲ್ಲಿ ಸುತ್ತಿ ಹೋಗಿತ್ತು. ಡಾಂಬರು ಇನ್ನೂ ಕಪ್ಪಗೆ ಹೊಳೆಯುತ್ತಿತ್ತು.

‘ನೀವು ಕೇಳೋದು ಅದಿರ್ಬೇಕು. ಅಲ್ಲಿ ದೊಡ್ಡ ದೊಡ್ಡ ಗುಂಡು ಇದ್ವು, ಕಣ ಹಾಕ್ದಂಗೆ ದುಂಡಗೆ. ಪಾಂಡವ್ರದು ಅಂತ ಮಾವ್ನೋರು ಅದಕ್ಕೆ ನೇಗಿಲು ಸೋಕ್ಸ್ಲಿಲ್ಲ. ಹೋದ್ ವರ್ಷ ತೆಗೆದ್ರು.’

ಯಾರೂ ಮಾತಾಡಲಿಲ್ಲ. ಅಲ್ಲಿದ್ದುದು ಶಿಲಾವೃತ್ತವೇ? ಇದ್ದಿರಬಹುದು. ಬಂಡೆಯ ಸೆರಗು, ದುಂಡು ಜೋಡಣೆ, ಪಾಂಡವರ ಹೆಸರು. ಮೂರು ಗುರುತುಗಳು ಹೊಂದುತ್ತವೆ. ಅದಕ್ಕಿಂತ ಹೆಚ್ಚಾಗಿ ಒಂದಕ್ಷರವನ್ನೂ ಇಂದು ಹೇಳುವಂತಿಲ್ಲ. ಅಳತೆಯಿಲ್ಲ, ಚಿತ್ರವಿಲ್ಲ, ಬೋಕಿಯಿಲ್ಲ. ಮುದುಕಿಯ ಮಾತೊಂದೇ ಉಳಿದ ದಾಖಲೆ.

ಹಿಂದಿರುಗುವಾಗ ಅದೇ ಹುಡುಗಿ ತಮ್ಮ ಬರಹವನ್ನು ಹರಿದುಹಾಕುವುದೇ ಎಂದು ಕೇಳಿದಳು. ಬೇಡ, ಶೀರ್ಷಿಕೆಯನ್ನು ಬದಲಿಸಿ, ನೋಡಿದ್ದನ್ನೂ ಕೇಳಿದ್ದನ್ನೂ ಹಾಗೆಯೇ ಬರೆಯಿರಿ ಎಂದೆ. ಕಲ್ಲುಗುಪ್ಪೆಯನ್ನು ಅವರು ಸಮಾಧಿಯೆಂದು ಸಾರಿದ್ದರೆ ಏನಾಗುತ್ತಿತ್ತು? ಯಾರಾದರೂ ಬಲ್ಲವರು ಬಂದು, ಹೆಂಚಿನ ಚೂರನ್ನು ಎತ್ತಿ ತೋರಿಸಿ ನಕ್ಕು ಹೋಗುತ್ತಿದ್ದರು. ನಾಳೆ ಮತ್ತೊಂದು ಊರಿನಲ್ಲಿ ನಿಜವಾದ ಗೋರಿ ಕಂಡು ಇನ್ನಾರೋ ಕೂಗಿದಾಗ ಆ ಕೂಗಿಗೆ ಬೆಲೆಯಿರುತ್ತಿರಲಿಲ್ಲ. ‘ಇರಬಹುದು’ ಎಂಬ ಮಾತು ದುರ್ಬಲವೆಂದು ತರುಣರಿಗೆ ತೋರುತ್ತದೆ. ಆದರೆ ಅಳತೆ, ನಕ್ಷೆ, ಛಾಯಾಚಿತ್ರಗಳೊಡನೆ ಹೇಳಿದ ‘ಇರಬಹುದು’ ಪರೀಕ್ಷೆಗೆ ನಿಲ್ಲುತ್ತದೆ. ಬರಿಯ ‘ಹೌದು’ ನಿಲ್ಲುವುದಿಲ್ಲ.

ಇನ್ನೊಂದು ಎಚ್ಚರವೂ ಅಗತ್ಯ. ಗೋರಿಯೆಂಬ ಮಾತು ಊರಲ್ಲಿ ಹರಡಿದರೆ, ಅದರ ಹಿಂದೆಯೇ ನಿಧಿಯೆಂಬ ಮಾತೂ ಹರಡುತ್ತದೆ. ನಿಧಿಯಾಸೆಯಿಂದ ರಾತ್ರೋರಾತ್ರಿ ಅಗೆದು ಹಾಳುಮಾಡಿದ ಗೋರಿಗಳು ನಮ್ಮ ನಾಡಿನಲ್ಲಿ ಒಂದೆರಡಲ್ಲ. ಒಳಗೆ ದೊರೆಯುವುದು ತುಕ್ಕುಹಿಡಿದ ಕಬ್ಬಿಣ, ಮಡಕೆಯ ಚೂರು, ಮೂಳೆ, ಅಲ್ಲೊಂದು ಇಲ್ಲೊಂದು ಕೆಂಪುಮಣಿ. ಕಳ್ಳನಿಗೆ ಇವು ಕಸ. ವಸ್ತುಗಳು ಇದ್ದ ಜಾಗ ಕದಲಿದ ಮೇಲೆ ವಿದ್ವಾಂಸನಿಗೂ ಅವು ಅರ್ಧ ಕಸವೇ. ನೆಲದಲ್ಲಿ ಹೂತ ಬೆಲೆಯುಳ್ಳ ವಸ್ತು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮ 1878ರ ನಿಧಿ ಕಾಯಿದೆಯಲ್ಲಿದೆ. ರಕ್ಷಿತ ನೆಲೆಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ತಡೆಯುತ್ತದೆ. ಆದರೆ ಪಟ್ಟಿಗೇ ಸೇರದ ದಿಬ್ಬವನ್ನು ಯಾವ ಕಾಯಿದೆ ಕಾಯಬಲ್ಲುದು? ಆದ್ದರಿಂದ ಹವ್ಯಾಸಿಗಳ ಕೈಯಲ್ಲಿ ಅಳತೆಪಟ್ಟಿ, ದಿಕ್ಸೂಚಿ, ಪುಸ್ತಕ ಇರಲಿ, ಗುದ್ದಲಿ ಬೇಡ. ಮೇಲೆ ಬಿದ್ದ ಬೋಕಿಯನ್ನೂ ಚಿತ್ರ ತೆಗೆದು ಅಲ್ಲೇ ಬಿಡಲಿ.

ಬಡಾವಣೆಗಳನ್ನು ಬೈಯುವುದು ನನ್ನ ಉದ್ದೇಶವಲ್ಲ. ನಾನೂ ಒಂದು ಬಡಾವಣೆಯಲ್ಲಿ, ಮಟ್ಟಮಾಡಿದ ನೆಲದ ಮೇಲೆ ಮಲಗಿ ಏಳುವವನು. ಜನಕ್ಕೆ ಮನೆ ಬೇಕು. ರೈತನಿಗೆ ಹಣ ಬೇಕು. ಪ್ರತಿಯೊಂದು ಕಲ್ಲನ್ನೂ ಕಾಪಾಡಲು ಯಾರಿಂದಲೂ ಸಾಧ್ಯವಿಲ್ಲ. ಕೇಳಬೇಕಾದುದು ಇಷ್ಟೇ: ಯಂತ್ರ ಬರುವ ಮುನ್ನ ಒಬ್ಬರು ಹೋಗಿ ನೋಡಿ ಬರೆದಿಡಲಿ. ಗೋರಿಯಾಗಿ ಕಂಡರೆ ಪ್ರಾಚ್ಯವಸ್ತು ಇಲಾಖೆಗೆ ತಿಳಿಸಲಿ. ರೈತರ ಕಲ್ಲುಗುಪ್ಪೆಯೆಂದು ಕಂಡರೆ ಅದನ್ನೂ ಬರೆಯಲಿ. ಎರಡು ತಲೆಮಾರು ಮಂಕರಿಯಲ್ಲಿ ಹೊತ್ತು, ಬಂಡೆನೆಲವನ್ನು ರಾಗಿಯ ಹೊಲ ಮಾಡಿದ ಗುರುತೂ ಚರಿತ್ರೆಯೇ ಅಲ್ಲವೆ? ಮೂರು ಸಾವಿರ ವರ್ಷ ಆಗಲಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಹೀಗಳೆಯಲಾಗದು.

ನಗರದ ಅಂಚಿನ ಪ್ರೌಢಶಾಲೆಗಳ ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಶಾಲೆಯಿಂದ ಎರಡು ಮೈಲಿಯೊಳಗಿನ ಉಬ್ಬು, ಗುಂಡು, ಗುಪ್ಪೆಗಳಿಗೆ ಒಂದು ಪುಸ್ತಕ ತೆರೆಯಿರಿ. ಸ್ಥಳ, ಅಳತೆ, ದಿಕ್ಕು, ಚಿತ್ರ, ಊರವರು ಹೇಳುವ ಹೆಸರು ಇವಕ್ಕೆ ಐದು ಅಂಕಣಗಳಿರಲಿ. ಆರನೆಯ ಅಂಕಣ ಏನೆಂಬ ನಿರ್ಣಯಕ್ಕೆ. ಅದನ್ನು ಸದ್ಯಕ್ಕೆ ಖಾಲಿ ಬಿಡಿ, ಬಲ್ಲವರು ಬಂದು ತುಂಬುತ್ತಾರೆ. ಊರಿನ ಹಿರಿಯರನ್ನು ಮೊದಲು ಕೇಳಿ. ಕಲ್ಲು ಇನ್ನೂ ನಾಲ್ಕು ದಿನ ಕಾಯಬಹುದು. ಎಂಬತ್ತು ದಾಟಿದ ನೆನಪು ಕಾಯುವುದಿಲ್ಲ.